ಅರ್ಧಕ್ಕೆ ನಿಂತ ಕೌದಿ



ನಿಮ್ಮ ಮನೆಯ ಅಟ್ಟದ ಮೇಲೆ, ಮಂಚದ ಕೆಳಗೆ, ಇಲ್ಲವೇ ಹಳೆಯ ಟ್ರಂಕಿನ ತಳದಲ್ಲಿ ಅರ್ಧಕ್ಕೆ ನಿಂತ ಕೆಲಸವೊಂದು ಇದೆಯೇ? ಒಮ್ಮೆ ಯೋಚಿಸಿ ನೋಡಿ. ಒಂದೇ ತೋಳು ಹೆಣೆದ ಸ್ವೆಟರ್, ಅಂಚು ಕಟ್ಟದ ಮೇಜಿನ ಹೊದಿಕೆ, ಅರ್ಧ ಹೂವಿಗೆ ನಿಂತುಹೋದ ಕಸೂತಿ, ಎರಡು ಪುಟ ಬರೆದು ಮಡಿಸಿಟ್ಟ ಪತ್ರ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಮನಸ್ಸಿಗೆ ಸಣ್ಣಗೆ ಚುಚ್ಚುತ್ತದೆ. ‘ಪುರುಸೊತ್ತು ಸಿಕ್ಕಾಗ ಮುಗಿಸಿದರಾಯಿತು’ ಎಂದುಕೊಂಡು ಮುಚ್ಚಳ ಹಾಕುತ್ತೇವೆ.

ಆದರೆ ಒಂದು ಪ್ರಶ್ನೆ. ಕೆಲಸಗಳು ಅರ್ಧಕ್ಕೆ ನಿಲ್ಲುವುದು ನಿಜವಾಗಿಯೂ ಪುರುಸೊತ್ತು ಇಲ್ಲದ್ದರಿಂದಲೇ? 2020ರಲ್ಲಿ ನಮ್ಮೆಲ್ಲರಿಗೂ ಕೇಳದೆಯೇ ಪುರುಸೊತ್ತು ಸಿಕ್ಕಿತು. ಆಗ ಏನಾಯಿತೆಂಬುದನ್ನು ನಮ್ಮ ಧರ್ಮಕೇಂದ್ರದ ಒಬ್ಬ ತಾಯಿಯ ಟ್ರಂಕಿನ ಮೂಲಕ ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಅವರೇ ಫೋನಿನಲ್ಲಿ ಹೇಳಿದ್ದು, ಬರೆಯಲು ಅವರೇ ಒಪ್ಪಿಗೆ ಕೊಟ್ಟದ್ದು. ಹೆಸರನ್ನು ಮಾತ್ರ ಬರೆಯುವುದಿಲ್ಲ.

ಬಾಗಿಲು ಮುಚ್ಚಿದ ದಿನಗಳು

ಆ ವರ್ಷದ ಮಾರ್ಚ್ 22ರಂದು ಜನತಾ ಕರ್ಫ್ಯೂ. 25ರಿಂದ ದೇಶದಾದ್ಯಂತ 21 ದಿನಗಳ ಲಾಕ್‌ಡೌನ್. ಅದು ಮೇಲಿಂದ ಮೇಲೆ ಮುಂದುವರಿದು ಮೇ ತಿಂಗಳ ಕೊನೆಯವರೆಗೂ ನಡೆಯಿತು. ತಪಸ್ಸುಕಾಲದ ನಡುವೆಯೇ ದೇವಾಲಯದ ಬಾಗಿಲು ಮುಚ್ಚಿತು. ಏಪ್ರಿಲ್ 5ರ ಗರಿಗಳ ಭಾನುವಾರ, 10ರ ಶುಭ ಶುಕ್ರವಾರ, 12ರ ಪಾಸ್ಖ ಹಬ್ಬ, ಎಲ್ಲವೂ ಜನರಿಲ್ಲದೆ ಕಳೆದುಹೋದವು. ಖಾಲಿ ಬೆಂಚುಗಳ ಎದುರು ಬಲಿಪೂಜೆ ಅರ್ಪಿಸಿ ಮನೆಗೆ ಬಂದರೆ ಮುಂದೇನು ಮಾಡಬೇಕೆಂದು ತೋಚುತ್ತಿರಲಿಲ್ಲ. ಕೊನೆಗೆ ಧರ್ಮಕೇಂದ್ರದ ಕುಟುಂಬಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ದಿನಕ್ಕೆ ಹತ್ತು ಮನೆಗಳಿಗೆ ಫೋನ್ ಮಾಡತೊಡಗಿದೆ. ‘ಹೇಗಿದ್ದೀರಿ? ಮನೆಯಲ್ಲಿ ಕಾಳುಕಡಿ ಇದೆಯೇ? ಔಷಧ ಬೇಕೇ?’ ಇಷ್ಟೇ ಮಾತು.

ಹೀಗೆ ಫೋನ್ ಮಾಡಿದಾಗ ಅರವತ್ತು ದಾಟಿದ ಆ ತಾಯಿ ಹೇಳಿದರು: “ಆರಾಮ ಅದೀನ್ರಿ ಫಾದರ್. ಟ್ರಂಕು ತಗದ ಕುಂತೀನಿ. ಒಂದಲ್ಲ ಎರಡಲ್ಲ, ನಾಕು ಕೌದಿ ಅದಾವ. ಒಂದೂ ಮುಗಿದಿಲ್ಲ. ನೋಡಿದ್ರ ನಾಚಿಕಿ ಬರತೈತಿ.”

“ಈಗ ಸಮಯವಿದೆಯಲ್ಲ ಅಮ್ಮಾ, ಮುಗಿಸಿಬಿಡಿ” ಎಂದೆ. ಎಷ್ಟು ಸುಲಭವಾದ ಮಾತು! ಮುಂದಿನ ಎರಡು ತಿಂಗಳಲ್ಲಿ ಆ ಮಾತಿನ ಪೊಳ್ಳುತನ ನನಗೆ ಮನವರಿಕೆಯಾಯಿತು.

ಕೌದಿಯ ಕೆಲಸ

ಕರಾವಳಿಯ ಹಾಗೂ ದಕ್ಷಿಣದ ಕಡೆಯ ಓದುಗರಿಗಾಗಿ ಎರಡು ಮಾತು. ಕೌದಿ ಎಂದರೆ ಹಳೆಯ ಬಟ್ಟೆಗಳನ್ನು ಜೋಡಿಸಿ ಕೈಯಿಂದ ಹೊಲಿದ ದಪ್ಪ ಹೊದಿಕೆ. ಧಾರವಾಡ, ಬೆಳಗಾವಿ, ವಿಜಯಪುರದ ಸೀಮೆಯಲ್ಲಿ ಇದಿಲ್ಲದ ಮನೆಯಿಲ್ಲ. ಉಟ್ಟು ಮೆತ್ತಗಾದ ಹತ್ತಿಯ ಸೀರೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸುತ್ತಾರೆ. ಜರುಗದಂತೆ ನಾಲ್ಕು ಮೂಲೆಗೆ ಕಲ್ಲು ಇಡುತ್ತಾರೆ. ಅದರ ಮೇಲೆ ಹಳೆಯ ಧೋತರ, ಅಂಗಿ, ಲಂಗಗಳನ್ನು ಪದರಪದರವಾಗಿ ಹರಡಿ, ಎಲ್ಲಕ್ಕೂ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸುತ್ತಾರೆ. ಮೊದಲು ದೂರದೂರ ಟಾಕು ಹಾಕಿ ಹಿಡಿಸಿ, ಅನಂತರ ಅಂಚಿನಿಂದ ಆರಂಭಿಸಿ ಬೆರಳಗಲದ ಅಂತರದಲ್ಲಿ ಸಾಲುಸಾಲಾಗಿ ಹೊಲಿಯುತ್ತ ನಡುವಿಗೆ ಬರುತ್ತಾರೆ. ಒಂದು ದೊಡ್ಡ ಕೌದಿಗೆ ವಾರಗಟ್ಟಲೆ ಬೇಕು. ಆದ್ದರಿಂದಲೇ ಅದು ನಡುವೆ ನಿಲ್ಲುವುದೂ ಹೆಚ್ಚು. ಬಿತ್ತನೆ ಬಂತು, ಸುಗ್ಗಿ ಬಂತು, ಮದುವೆ ಬಂತು, ಕೌದಿ ಮಡಿಸಿ ಗಂಟಿನಲ್ಲಿ ಕಟ್ಟಿಟ್ಟಾಯಿತು.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ತಾಯಂದಿರ ಕೌದಿಯನ್ನು ನೀವು ನೋಡಿರಬಹುದು. ಅವರು ಅದನ್ನು ಕವಂದಿ ಎನ್ನುತ್ತಾರೆ. ಆಫ್ರಿಕ ಮೂಲದ ಆ ಜನರಲ್ಲಿ ಹಿಂದೂಗಳೂ ಮುಸ್ಲಿಮರೂ ನಮ್ಮ ಕಥೋಲಿಕರೂ ಇದ್ದಾರೆ. ಅವರೂ ಹೊರಗಿನ ಅಂಚಿನಿಂದ ತುಂಡುಗಳನ್ನು ಹಚ್ಚುತ್ತ, ಸುತ್ತುತ್ತ ನಡುವಿಗೆ ತಲುಪುತ್ತಾರೆ. ಕಥೋಲಿಕ ಸಿದ್ದಿ ತಾಯಂದಿರ ಕೆಲವು ಕವಂದಿಗಳಲ್ಲಿ ಶಿಲುಬೆಯೂ ಮೂಡುತ್ತದೆ. ಕೊನೆಗೆ ಮೂಲೆಗಳಲ್ಲಿ ತ್ರಿಕೋನವಾಗಿ ಮಡಿಸಿದ ಸಣ್ಣ ತುಂಡುಗಳನ್ನು ಹಚ್ಚುತ್ತಾರೆ. ಅದಕ್ಕೆ ‘ಫುಲಾ’ ಎಂದು ಹೆಸರು, ಅಂದರೆ ಹೂವು. ಚಳಿ ತಡೆಯುವುದಕ್ಕೆ ಅದರಿಂದ ಪ್ರಯೋಜನವಿಲ್ಲ. ಆದರೂ ಅದಿಲ್ಲದ ಕವಂದಿ ಬತ್ತಲೆಯಿದ್ದಂತೆ ಎಂದು ಅವರು ಹೇಳುತ್ತಾರೆ. ಮುಗಿಯುವುದು ಎಂದರೆ ಉಪಯೋಗಕ್ಕೆ ಬರುವುದು ಮಾತ್ರವಲ್ಲ, ಕೊಡಲು ಯೋಗ್ಯವಾಗುವುದು ಎಂದು ಇದರ ಅರ್ಥವಲ್ಲವೇ?

ನಮ್ಮ ಈ ತಾಯಿಯ ಮನೆಯಲ್ಲಿ ಇನ್ನೊಂದು ರೂಢಿ. ಹೊಲಿಗೆ ನಡುವಿಗೆ ಬಂದಾಗ ಅಂಗೈಯಗಲ ಜಾಗ ಬಿಡುತ್ತಾರೆ. ಅದು ಕೌದಿಯ ಹೊಟ್ಟೆ. ಅಲ್ಲಿ ನಾಲ್ಕು ಕಾಳು ಅಕ್ಕಿ ಇಟ್ಟು ಕೊನೆಯ ತುಂಡು ಹಚ್ಚುತ್ತಾರೆ. “ಹೊಟ್ಟಿ ತುಂಬಸದ ಕೌದಿ ಯಾರಿಗೂ ಕೊಡಬಾರದ್ರಿ. ಹಸದ ಕೌದಿ ಬೆಚ್ಚಗ ಇಡೂದಿಲ್ಲ” ಎನ್ನುತ್ತಾರೆ ಅವರು.

ನಾಲ್ಕು ಗಂಟು, ನಾಲ್ಕು ಕಾರಣ

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ನಾಲ್ಕು ಕಾರಣಗಳನ್ನು ನಮಗೆ ಬಾಯಿಪಾಠ ಮಾಡಿಸಿದ್ದರು. ಯಾವುದೇ ವಸ್ತು ಇರಬೇಕಾದರೆ ಅದು ಯಾವುದರಿಂದ ಆಯಿತು, ಯಾವ ರೂಪದಲ್ಲಿ ಆಯಿತು, ಯಾರಿಂದ ಆಯಿತು, ಯಾವ ಉದ್ದೇಶಕ್ಕಾಗಿ ಆಯಿತು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕು. ಕೌದಿಗೆ ಬಂದರೆ: ಬಟ್ಟೆ, ಜೋಡಣೆ, ಹೊಲಿಯುವ ಕೈ, ಹೊದೆಯುವ ವ್ಯಕ್ತಿ. ಪರೀಕ್ಷೆಗೆಂದು ಕಲಿತಿದ್ದ ಈ ಪಾಠ ನನಗೆ ಅರ್ಥವಾದದ್ದು ಆ ತಾಯಿಯ ಗಂಟುಗಳಿಂದ.

ಮೊದಲನೆಯ ಗಂಟು ನಿಂತದ್ದು ಸುಗ್ಗಿಯ ಕೆಲಸದಿಂದ, ಮತ್ತೆ ದಾರ ತೀರಿದ್ದರಿಂದ. ಲಾಕ್‌ಡೌನಿನಲ್ಲಿ ದಾರದ ಅಂಗಡಿ ತೆರೆದಿರಲಿಲ್ಲ. ಆ ತಾಯಿ ಚೀಲಗಳ ಬಾಯಿ ಹೊಲಿದಿದ್ದ ಹತ್ತಿಯ ದಾರವನ್ನು ಜೋಪಾನವಾಗಿ ಬಿಚ್ಚಿ, ಹುರಿ ಸಡಿಲಿಸಿ, ಎಳೆಗಳನ್ನು ಬೇರೆ ಮಾಡಿ, ಮೇಣ ತೀಡಿ ಹೊಲಿದರು. ಮೇಣ ಎಲ್ಲಿಯದು ಗೊತ್ತೇ? ಮನೆಯ ಪೀಠದ ಮುಂದೆ ಉರಿದು ಉಳಿದ ಮೇಣದ ಬತ್ತಿಯ ತುಂಡು. ಹತ್ತು ದಿನಗಳಲ್ಲಿ ಕೌದಿ ಮುಗಿಯಿತು.

ಎರಡನೆಯ ಗಂಟಿನಲ್ಲಿ ಹೊಲಿಗೆಯೇ ಇರಲಿಲ್ಲ. ಕತ್ತರಿಸಿಟ್ಟ ಹತ್ತಿಯ ತುಂಡುಗಳಿದ್ದವು, ಅಷ್ಟೆ. ಏಪ್ರಿಲ್ ಆರಂಭದಲ್ಲಿ ಮನೆಯಲ್ಲೇ ಹೊಲಿದ ಮುಖಗವಸು ಧರಿಸಬಹುದೆಂದು ಸರಕಾರ ಸಲಹೆ ಕೊಟ್ಟಾಗ ಆ ತುಂಡುಗಳೆಲ್ಲ ಮುಖಗವಸುಗಳಾದವು. ಓಣಿಯ ಪ್ರತಿ ಮನೆಗೂ ಹೋದವು. ಕೌದಿ ಆಗಲೇ ಇಲ್ಲ, ಆಗಬೇಕಾಗಿಯೂ ಇರಲಿಲ್ಲ.

ಮೂರನೆಯದು ಅವರ ಯಜಮಾನರ ಧೋತರಗಳಿಂದ, ಅವರಿಗಾಗಿಯೇ ಆರಂಭಿಸಿದ ಕೌದಿ. ಕಾಯಿಲೆಯಲ್ಲಿ ಅವರಿಗೆ ಚಳಿ ತಡೆಯುತ್ತಿರಲಿಲ್ಲ. ಕೌದಿ ಮುಗಿಯುವ ಮೊದಲೇ, 2016ರಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಇಲ್ಲಿ ಬಟ್ಟೆಯಿತ್ತು, ಕೈಯಿತ್ತು, ಹೊದೆಯುವವರು ಇರಲಿಲ್ಲ. ನಾಲ್ಕು ವರ್ಷ ಆ ಗಂಟನ್ನು ಬಿಚ್ಚಲು ಅವರಿಗೆ ಮನಸ್ಸಾಗಲಿಲ್ಲ. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಊರಿಗೆ ಮರಳಿದವರನ್ನು ಶಾಲೆಗಳಲ್ಲಿ ಪ್ರತ್ಯೇಕವಾಗಿ ಇರಿಸಿದಾಗ, ಪಕ್ಕದ ಮನೆಯ ಹುಡುಗನೂ ಮುಂಬಯಿಯಿಂದ ಬಂದು ಊರ ಶಾಲೆಯ ಬರಿ ನೆಲದ ಮೇಲೆ ಮಲಗಿದ್ದ. ಆ ವಿಷಯ ತಿಳಿದ ರಾತ್ರಿಯೇ ಈ ತಾಯಿ ಗಂಟು ಬಿಚ್ಚಿದರು. ನಾಲ್ಕು ದಿನದಲ್ಲಿ ಉಳಿದ ಸಾಲುಗಳನ್ನು ಮುಗಿಸಿ, ಹೊಟ್ಟೆ ತುಂಬಿಸಿ, ಹುಡುಗನ ತಾಯಿಯ ಕೈಯಲ್ಲಿ ಕಳುಹಿಸಿದರು. ಹೊದೆಯುವವರು ಸಿಕ್ಕ ಕೂಡಲೇ ಕೌದಿ ಮುಗಿಯಿತು.

ಓದುಗರೇ, ಇದನ್ನು ಗಮನಿಸಿ. ದಾರ ಇಲ್ಲದಿದ್ದರೆ ಚೀಲದಿಂದ ತೆಗೆಯಬಹುದು. ಸಮಯ ಇಲ್ಲದಿದ್ದರೆ ರಾತ್ರಿ ಕೂರಬಹುದು. ‘ಯಾರಿಗಾಗಿ’ ಎಂಬುದು ಮುರಿದಿದ್ದರೆ ಮಾತ್ರ ಕೈ ಮುಂದಕ್ಕೆ ಹೋಗುವುದಿಲ್ಲ. ಅರ್ಧಕ್ಕೆ ನಿಂತ ಬಹಳಷ್ಟು ಕೆಲಸಗಳ ಹಿಂದೆ ಇರುವುದು ಸೋಮಾರಿತನವಲ್ಲ, ಒಂದು ಮುರಿದ ಸಂಬಂಧ ಅಥವಾ ಒಂದು ಅಗಲಿಕೆ. ನಾಲ್ಕನೆಯ ಗಂಟು ಅಂಥದ್ದು.

ಅದು ಕೂಸಿನ ಕೌದಿ. ಮಗಳ ಚೊಚ್ಚಲ ಹೆರಿಗೆಗೆಂದು ಆರಂಭಿಸಿದ್ದು. 2014ರಲ್ಲಿ, ಮಗಳಿಗೆ ಏಳು ತಿಂಗಳಾಗಿದ್ದಾಗ, ಅಳಿಯನಿಗೆ ಕೊಟ್ಟಿದ್ದ ಹಣದ ವಿಷಯವಾಗಿ ಮನೆಯಲ್ಲಿ ಮಾತು ಬೆಳೆಯಿತು. ನಾಲ್ಕು ಜನರ ಮುಂದೆ ಈ ತಾಯಿ ಒಂದು ಕಟುವಾದ ಮಾತು ಆಡಿದರು. ಮಗಳು ಅಂದೇ ಹೊರಟುಹೋದಳು. ಹೆರಿಗೆಗೆ ತವರಿಗೆ ಬರಲಿಲ್ಲ. ತಂದೆಯ ಅಂತ್ಯಕ್ರಿಯೆಗೆ ಬಂದವಳು ಸಮಾಧಿಯ ಬಳಿಯಿಂದಲೇ ಹಿಂದಿರುಗಿದಳು. ಮೊಮ್ಮಗನಿಗೆ ಆರು ವರ್ಷವಾಗುತ್ತ ಬಂದಿತ್ತು. ಕೌದಿ ಮಾತ್ರ ಕೂಸಿನ ಅಳತೆಯಲ್ಲೇ ಉಳಿದಿತ್ತು.

“ಇದನ್ನ ಈಗ ಮುಗಿಸಿ ಏನ್ ಮಾಡ್ಲಿ ಫಾದರ್? ಹೊದಿಯೋ ಕೂಸು ಎಲ್ಲೈತಿ?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ, ಈ ದುಃಖವನ್ನು ಅವರು ಎರಡು ವರ್ಷಗಳ ಹಿಂದೆಯೇ ನನ್ನಲ್ಲಿ ತೋಡಿಕೊಂಡಿದ್ದರು. ‘ಎಲ್ಲವನ್ನೂ ದೇವರಿಗೆ ಒಪ್ಪಿಸಿ, ಜಪಸರ ಮಾಡಿ’ ಎಂದು ಹೇಳಿ ಕಳುಹಿಸಿದ್ದೆ. ಆ ಸಲಹೆ ತಪ್ಪಲ್ಲ. ಆದರೆ ನಾನು ಅದನ್ನು ಕೊಟ್ಟದ್ದು ಮಾತು ಮುಗಿಸುವುದಕ್ಕೆ. ಅದು ನನ್ನ ತಪ್ಪು.

ನನ್ನ ಕಪಾಟಿನ ಗಂಟು

ಇಷ್ಟು ಹೇಳಿದ ಮೇಲೆ ನನ್ನದನ್ನೂ ಹೇಳಬೇಕು. ನನ್ನ ಅವ್ವ 2017ರಲ್ಲಿ ತೀರಿಕೊಂಡರು. ಅವರ ಕೋಣೆಯಲ್ಲಿ ನನಗಾಗಿ ಹೊಲಿಯುತ್ತಿದ್ದ ಕೌದಿಯೊಂದು ಇತ್ತು. ಮೂರನೆಯ ದಿನದ ಪ್ರಾರ್ಥನೆ ಮುಗಿಸಿ ಹೊರಡುವಾಗ ಅಕ್ಕ ಅದನ್ನು ಗಂಟು ಕಟ್ಟಿ ನನ್ನ ಕೈಗಿತ್ತಳು. ಗುರುಮನೆಯ ಕಪಾಟಿನಲ್ಲಿಟ್ಟೆ. ಮೂರು ವರ್ಷ ಮುಟ್ಟಲಿಲ್ಲ.

ಆ ತಾಯಿಯ ಮಾತು ಕೇಳಿದ ಮೇಲೆ ಒಂದು ಸಂಜೆ ಅದನ್ನು ತೆರೆದೆ. ಅವ್ವ ಕೊನೆಯದಾಗಿ ಹಾಕಿದ ಹೊಲಿಗೆಯಲ್ಲಿ ಸೂಜಿ ಹಾಗೆಯೇ ಇತ್ತು. ಅದನ್ನು ಮುಟ್ಟಬಾರದೆನ್ನಿಸಿತು. ಅಲ್ಲಿ ಅವ್ವನ ಬೆರಳು ಇನ್ನೂ ಇದ್ದಂತೆ. ಮರುದಿನ ಫೋನಿನಲ್ಲಿ ಆ ತಾಯಿಗೆ ಹೇಳಿದೆ. ಅವರು ಒಂದು ಕ್ಷಣವೂ ತಡಮಾಡಲಿಲ್ಲ.

“ಸೂಜಿ ಅದರಾಗs ಐತೇನ್ರಿ? ಮದಲ ಅದನ್ನ ತಗೀರಿ. ತುಕ್ಕು ಅರಿವಿ ತಿಂತೈತಿ.”

ನೋಡಿದರೆ ನಿಜ. ಸೂಜಿಯ ಸುತ್ತ ಕಂದು ಕಲೆ ಹರಡಿ ಬಟ್ಟೆ ಜೀರ್ಣವಾಗಿತ್ತು. ನೆನಪೆಂದು ನಾನು ಕಾಪಾಡುತ್ತಿದ್ದದ್ದೇ ಅವ್ವನ ಕೆಲಸವನ್ನು ತಿನ್ನುತ್ತಿತ್ತು. ಸೂಜಿ ತೆಗೆದೆ. ಅಲ್ಲಿಗೆ ಏನು ಹಚ್ಚಬೇಕೆಂದು ಕೇಳಿದೆ. ನನ್ನಲ್ಲಿ ಹೊಸ ಹತ್ತಿಬಟ್ಟೆಯ ತುಂಡೊಂದಿತ್ತು.

“ಹೊಸಾ ಅರಿವಿ ಹಂಗs ಹಚ್ಚಬ್ಯಾಡ್ರಿ ಫಾದರ್. ಮದಲ ತೊಯ್ಸಿ ಒಣಗಸ್ರಿ. ಇಲ್ಲಾಂದ್ರ ಒಗದ ಮ್ಯಾಲೆ ಅದು ಜಗ್ಗಿ ಹಳೀದನ್ನ ಹರದ ಬಿಡತೈತಿ.”

ನಾನು ನಕ್ಕುಬಿಟ್ಟೆ. ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಪ್ರಭು ಯೇಸು ಹೇಳುವ ಮಾತು ಇದೇ ಅಲ್ಲವೇ? ಹಳೆಯ ವಸ್ತ್ರಕ್ಕೆ ಹೊಸ ಬಟ್ಟೆಯ ತೇಪೆ ಹಾಕಿದರೆ ತೇಪೆ ಹಳೆಯದನ್ನು ಎಳೆದು ಹರಕು ಇನ್ನೂ ದೊಡ್ಡದಾಗುತ್ತದೆ ಎಂಬ ಸಾಮತಿ. ಹಳೆಯ ಜೀವನಕ್ಕೆ ದೇವರ ರಾಜ್ಯದ ಹೊಸತನವನ್ನು ಬರಿಯ ತೇಪೆಯಾಗಿ ಹಚ್ಚಲಾಗದು ಎಂಬ ಅದರ ಅರ್ಥವನ್ನು ಪೀಠದಿಂದ ಎಷ್ಟೋ ಸಲ ವಿವರಿಸಿದ್ದೆ. ಆದರೆ ಬಟ್ಟೆ ಯಾಕೆ ಎಳೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಮ್ಮೆಯೂ ನೀರು ಕಾಣದ ಬಟ್ಟೆ ಮೊದಲ ಸಲ ಒಗೆದಾಗ ಕುಗ್ಗುತ್ತದೆ. ಒಗೆದು ಒಗೆದು ಕುಗ್ಗಿ ಮುಗಿದ ಹಳೆಯ ಬಟ್ಟೆ ಅದರ ಜೊತೆ ಕುಗ್ಗುವುದಿಲ್ಲ. ಪ್ರಭು ಇದನ್ನು ಮಾತೆ ಮರಿಯಮ್ಮನವರ ಮನೆಗೆಲಸದಲ್ಲಿ ಕಂಡಿರಬೇಕು ಎಂದು ನನಗೆ ಅಂದು ಅನ್ನಿಸಿತು.

ಅವ್ವನ ಕೌದಿಗೆ ಬಟ್ಟೆಯಿತ್ತು, ಜೋಡಣೆಯಿತ್ತು, ಹೊದೆಯುವ ನಾನಿದ್ದೆ. ಇಲ್ಲದ್ದು ಹೊಲಿಯುವ ಕೈ ಮಾತ್ರ. ಹಾಗಾಗಿ ನಾನೇ ಹೊಲಿದೆ. ನನ್ನ ಹೊಲಿಗೆ ಸೊಟ್ಟ. ಎಲ್ಲಿ ಅವ್ವನದು ಮುಗಿದು ನನ್ನದು ಆರಂಭವಾಗಿದೆ ಎಂಬುದು ಯಾರಿಗಾದರೂ ಕಾಣುತ್ತದೆ. ಕಾಣಲಿ ಬಿಡಿ. ಆ ಕೌದಿಯನ್ನು ಈಗಲೂ ಹೊದೆಯುತ್ತೇನೆ.

ಮುಗಿಸದೆ ಹೋದವರು

‘ಎಲ್ಲವನ್ನೂ ಮುಗಿಸಲೇಬೇಕೇ?’ ಎಂದು ನೀವು ಕೇಳಬಹುದು. ಸಂತ ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಗೋಪುರ ಕಟ್ಟಲು ಹೊರಟವನ ಸಾಮತಿ ನಿಮಗೆ ನೆನಪಿರಬೇಕು. ಖರ್ಚಿನ ಲೆಕ್ಕ ಹಾಕದೆ ಅಡಿಪಾಯ ಹಾಕಿ ಮುಗಿಸಲಾಗದವನನ್ನು ಕಂಡು ಜನ ನಗುತ್ತಾರೆ. ಅದನ್ನೇ ಹಿಡಿದು ಅನೇಕರು ತಮ್ಮನ್ನು ತಾವೇ ಚುಚ್ಚಿಕೊಳ್ಳುತ್ತಾರೆ. ಆದರೆ ಆ ಸಾಮತಿ ಶಿಷ್ಯತ್ವದ ಬೆಲೆಯನ್ನು ಅರಿತು ಹೆಜ್ಜೆಯಿಡಿ ಎಂಬುದಕ್ಕಾಗಿ. ಟ್ರಂಕಿನಲ್ಲಿ ಗಂಟಿರುವ ತಾಯಂದಿರನ್ನು ಗೇಲಿ ಮಾಡಲಿಕ್ಕಲ್ಲ.

ಧರ್ಮಸಭೆಯ ಮಹಾ ಪಂಡಿತ ಸಂತ ತೋಮಸ್ ಅಕ್ವಿನಾಸರನ್ನು ನೋಡಿ. ಅವರ ಅತಿ ದೊಡ್ಡ ಕೃತಿ ‘ಸುಮ್ಮಾ ತಿಯೊಲೊಜಿಯೆ’ ಅರ್ಧಕ್ಕೆ ನಿಂತಿದೆ. 1273ರ ಡಿಸೆಂಬರ್ 6ರಂದು ಬಲಿಪೂಜೆ ಅರ್ಪಿಸುವಾಗ ಅವರಿಗೆ ಒಂದು ಅನುಭವವಾಯಿತು. ಆ ಬಳಿಕ ಅವರು ಲೇಖನಿ ಮುಟ್ಟಲಿಲ್ಲ. ತಾವು ಕಂಡದ್ದರ ಮುಂದೆ ಬರೆದದ್ದೆಲ್ಲ ಹುಲ್ಲಿಗೆ ಸಮಾನವೆಂದರು. 1274ರ ಮಾರ್ಚ್ 7ರಂದು ತೀರಿಕೊಂಡರು. ಅವರ ಬರಹ ನಿಂತದ್ದು ಯಾವ ವಿಷಯದ ನಡುವೆ ಗೊತ್ತೇ? ಪಾಪನಿವೇದನೆಯ ಸಂಸ್ಕಾರದ ನಡುವೆ. ಅನಂತರದವರು, ಅವರೇ ಹಿಂದೆ ಬರೆದಿದ್ದ ಬೇರೊಂದು ಗ್ರಂಥದಿಂದ ಭಾಗಗಳನ್ನು ತಂದು ಉಳಿದುದನ್ನು ಜೋಡಿಸಿದರು. ಅದೂ ಒಂದು ಕೌದಿಯೇ! ಮುಗಿಸದೆ ಹೋದದ್ದರಿಂದ ಸಂತರು ಸಣ್ಣವರಾಗಲಿಲ್ಲ.

ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ತಬಿಥಾಳೂ ನಮಗೆ ಪಾಠ ಹೇಳುತ್ತಾಳೆ. ಜೊಪ್ಪದ ಆ ಶಿಷ್ಯೆ ತೀರಿಕೊಂಡಾಗ ವಿಧವೆಯರು ಅಳುತ್ತ, ಅವಳು ಮಾಡಿಕೊಟ್ಟ ಬಟ್ಟೆಗಳನ್ನು ಸಂತ ಪೇತ್ರರಿಗೆ ತೋರಿಸಿದರು. ಎಷ್ಟು ಬಟ್ಟೆ ಎಂದು ಅವರು ಎಣಿಸಲಿಲ್ಲ, ಯಾವುದು ಅರ್ಧಕ್ಕೆ ನಿಂತಿದೆ ಎಂದು ಹುಡುಕಲಿಲ್ಲ. ಅವು ಯಾರಿಗಾಗಿ ಆಗಿದ್ದವೋ ಅವರೇ ಅಲ್ಲಿ ನಿಂತಿದ್ದರು. ಅದೇ ಅವಳ ಸಾಕ್ಷಿ.

ಹುಡುಗ ಎಷ್ಟು ಉದ್ದ ಆಗ್ಯಾನ?

ಮತ್ತೆ ನಾಲ್ಕನೆಯ ಗಂಟಿಗೆ ಬರೋಣ. ಮೇ ತಿಂಗಳ ಮಧ್ಯದಲ್ಲಿ ಆ ತಾಯಿಯೇ ಫೋನ್ ಮಾಡಿದರು. ಕೂಸಿನ ಕೌದಿಯನ್ನು ಬಿಚ್ಚುವುದಿಲ್ಲ, ಹಾಗೆಯೇ ಮುಗಿಸುವುದೂ ಇಲ್ಲ ಎಂದರು. ಅದನ್ನು ದೊಡ್ಡದೊಂದು ಸೀರೆಯ ನಡುವೆ ಇಟ್ಟು, ನಾಲ್ಕು ಕಡೆ ಪಟ್ಟಿ ಹಚ್ಚಿ ಹುಡುಗನ ಕೌದಿ ಮಾಡುವುದಾಗಿ ಹೇಳಿದರು. ಕೂಸಿನ ಕೌದಿಯ ಹೊಟ್ಟೆಯೇ ದೊಡ್ಡ ಕೌದಿಗೂ ಹೊಟ್ಟೆ. ಆದರೆ ಒಂದು ತೊಡಕಿತ್ತು: ಪಟ್ಟಿ ಎಷ್ಟು ಅಗಲ ಹಚ್ಚಬೇಕು? ಹುಡುಗನ ಅಳತೆ ಗೊತ್ತಿರಲಿಲ್ಲ. ಅವನನ್ನು ಹತ್ತಿರದಿಂದ ಕಂಡೇ ಇರಲಿಲ್ಲ.

“ಕೇಳಬೇಕಲ್ರಿ” ಎಂದರು. “ಹೌದು ಅಮ್ಮಾ, ಕೇಳಬೇಕು” ಎಂದೆ. ಈ ಸಲ ಬೇರೇನೂ ಸೇರಿಸಲಿಲ್ಲ.

ಎರಡು ದಿನ ಅವರಿಗೆ ಧೈರ್ಯ ಬರಲಿಲ್ಲ. ಹಣದ ವಿಷಯದಲ್ಲಿ ಸತ್ಯ ಯಾರ ಕಡೆಗಿದೆ ಎಂದು ಮೊದಲು ಹೇಳಿಬಿಡಬೇಕೆಂಬ ಆಸೆ. ಕೊನೆಗೆ ತಾವೇ ನನಗೆ ಕಲಿಸಿದ ಪಾಠವನ್ನು ನೆನಪಿಸಿಕೊಂಡರು. ವಾದ ಎಂಬುದು ತೊಯಿಸದ ಹೊಸ ಬಟ್ಟೆ. ಹಚ್ಚಿದರೆ ಹರಕು ದೊಡ್ಡದಾದೀತು. ಮೊದಲು ತುಕ್ಕಿನ ಸೂಜಿ ತೆಗೆಯಬೇಕು. ಮೂರನೆಯ ದಿನ ಫೋನ್ ಮಾಡಿ, “ಅವತ್ತು ನಾಲ್ಕು ಮಂದಿ ಮುಂದ ಆಡಿದ ಮಾತು ನಂದs ತಪ್ಪವಾ” ಎಂದರು. ಆ ಕಡೆ ಮೌನ. ಫೋನ್ ಇಟ್ಟಿಲ್ಲವೆಂದು ಗೊತ್ತಾಗುವಷ್ಟು ಉಸಿರಿನ ಸದ್ದು ಮಾತ್ರ. ಮತ್ತೆ ಕೇಳಿದರು: “ಹುಡುಗ ಎಷ್ಟ ಉದ್ದ ಆಗ್ಯಾನ?”

ಬಹಳ ಹೊತ್ತಿನ ಮೇಲೆ ಮಗಳು ಹೇಳಿದಳಂತೆ: “ನನ್ನ ಎದಿಮಟ ಬಂದಾನ.”

ಅಂದು ಆಡಿದ್ದು ಅಷ್ಟೇ. ಹಣದ ಮಾತು ಬರಲಿಲ್ಲ. ಅದು ಈಗಲೂ ಪೂರ್ತಿ ಇತ್ಯರ್ಥವಾಗಿಲ್ಲವೆಂದು ಆ ತಾಯಿಯೇ ಹೇಳುತ್ತಾರೆ. ಆದರೆ ವಾರಕ್ಕೊಂದು ಫೋನ್ ನಡೆಯಿತು. ಯಾವ ಬಣ್ಣ ಹುಡುಗನಿಗೆ ಇಷ್ಟ ಎಂದು ಕೇಳುವ ನೆವದಲ್ಲಿ ಒಂದು, ಯಾವ ಕಡೆಗೆ ಮಲಗುತ್ತಾನೆ ಎಂದು ಕೇಳುವ ನೆವದಲ್ಲಿ ಇನ್ನೊಂದು. ಬಸ್ ಸಂಚಾರ ಮತ್ತೆ ಆರಂಭವಾಯಿತು, ಜೂನ್ 8ರಿಂದ ದೇವಾಲಯಗಳನ್ನು ತೆರೆಯಲು ಅನುಮತಿಯೂ ಸಿಕ್ಕಿತು. ಕೌದಿಯೂ ಮುಗಿಯುತ್ತ ಬಂತು. ಆದರೂ ಅವರು ಅದನ್ನು ಕಳುಹಿಸಲಿಲ್ಲ. ಹೊಟ್ಟೆಯನ್ನು ಮಾತ್ರ ಹೊಲಿಯದೆ ಬಿಟ್ಟು ಕಾದರು. ಆ ವರ್ಷದ ಕ್ರಿಸ್ತಜಯಂತಿಗೆ ಮಗಳು ಬಂದಳು. ನಾಲ್ಕು ಕಾಳು ಅಕ್ಕಿಯನ್ನು ಹುಡುಗನೇ ತನ್ನ ಕೈಯಿಂದ ಇಟ್ಟ.

ಮನೆಯಲ್ಲಿ ಮಾಡಿ ನೋಡಿ

ಓದಿದ ಮೇಲೆ ಮರೆತುಹೋಗದಿರಲೆಂದು ಐದು ಮಾತುಗಳನ್ನು ಇಲ್ಲಿ ಕೊಟ್ಟಿದ್ದೇನೆ. ಕೌದಿಗೂ ಸರಿ, ಕುಟುಂಬಕ್ಕೂ ಸರಿ.

1. ಎಲ್ಲ ಗಂಟುಗಳನ್ನೂ ಒಮ್ಮೆಗೇ ಹೊರಗೆ ತೆಗೆಯಿರಿ. ಆದರೆ ಒಂದು ಸಲಕ್ಕೆ ಒಂದರ ಮೇಲೆ ಮಾತ್ರ ಕೈಯಿಡಿ. ಮುಗಿಯಲು ಸಮೀಪದಲ್ಲಿರುವುದನ್ನು ಮೊದಲು ಆರಿಸಿಕೊಳ್ಳಿ. ಅದು ಮುಂದಿನದಕ್ಕೆ ಧೈರ್ಯ ಕೊಡುತ್ತದೆ.

2. ಪ್ರತಿಯೊಂದನ್ನೂ ಹಿಡಿದು, ‘ಇದು ಏಕೆ ನಿಂತಿತು?’ ಎಂದು ಕೇಳಿ. ದಾರವೇ, ಸಮಯವೇ, ಹೊಲಿಗೆ ಬಾರದ್ದೇ, ಅಥವಾ ಯಾರಿಗಾಗಿ ಎಂಬುದು ಮುರಿದದ್ದೇ? ಉತ್ತರಕ್ಕೆ ತಕ್ಕ ಮದ್ದು ಮಾಡಿ.

3. ಸೂಜಿ ಒಳಗೆ ಉಳಿದಿದ್ದರೆ ಮೊದಲು ತೆಗೆಯಿರಿ. ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕಿ. ಹೊಸ ತುಂಡನ್ನು ತೊಯಿಸದೆ ಹಚ್ಚಬೇಡಿ. ಮನೆಯ ಹಳೆಯ ಜಗಳಕ್ಕೂ ಇದೇ ಕ್ರಮ: ಮೊದಲು ಚುಚ್ಚಿದ ಮಾತಿಗೆ ಕ್ಷಮೆ, ಆಮೇಲೆ ಸಮಾಧಾನ, ಲೆಕ್ಕಾಚಾರ ಕೊನೆಗೆ.

4. ಕಾಲ ಮೀರಿದ ಕೆಲಸವನ್ನು ಹಳೆಯ ಅಳತೆಯಲ್ಲಿ ಮುಗಿಸಲು ಹೋಗಬೇಡಿ. ದೊಡ್ಡದು ಮಾಡಿ, ಬೇರೆಯವರಿಗೆ ಕೊಡಿ, ಇಲ್ಲವೇ ತುಂಡುಗಳನ್ನು ಇನ್ನೊಂದಕ್ಕೆ ಬಳಸಿ. ಬಿಚ್ಚುವುದು ಸೋಲಲ್ಲ.

5. ನಿಮ್ಮಿಂದ ಆಗದ್ದನ್ನು ಆಗುವ ಕೈಗೆ ಒಪ್ಪಿಸಿ. ಅಗಲಿದವರ ಕೆಲಸವನ್ನು ಮುಂದುವರಿಸುವಾಗ ಹೊಲಿಗೆ ಸೊಟ್ಟಗಾದರೆ ಚಿಂತೆಯಿಲ್ಲ.

ರಾತ್ರಿ ಊಟದ ನಂತರ ಕುಟುಂಬದವರೆಲ್ಲ ಕುಳಿತು ಈ ಎರಡು ಪ್ರಶ್ನೆಗಳನ್ನು ಚರ್ಚಿಸಿ: ನಮ್ಮ ಮನೆಯಲ್ಲಿ ಯಾವ ಕೆಲಸ, ಯಾವ ಮಾತು ಅರ್ಧಕ್ಕೆ ನಿಂತಿದೆ? ಅದರ ಅಳತೆ ಕೇಳಲು ಯಾರಿಗೆ ಫೋನ್ ಮಾಡಬೇಕು?

ಪ್ರಿಯ ಓದುಗರೇ, ನಮ್ಮಲ್ಲಿ ಶುಭಕಾರ್ಯವನ್ನು ಆರಂಭಿಸಿದ ದೇವರು ಅದನ್ನು ಪೂರ್ಣಗೊಳಿಸುವರೆಂಬ ಭರವಸೆಯನ್ನು ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ ಆರಂಭದಲ್ಲೇ ಕೊಡುತ್ತಾರೆ. ನಾವೆಲ್ಲರೂ ಆ ಕೈಯಲ್ಲಿ ಇನ್ನೂ ಹೊಲಿಗೆ ನಡೆಯುತ್ತಿರುವ ಕೌದಿಗಳು. ಆತ ನಮ್ಮನ್ನು ಗಂಟು ಕಟ್ಟಿ ಅಟ್ಟಕ್ಕೆ ಎಸೆದಿಲ್ಲ. ಆದ್ದರಿಂದ ನಾಚಿಕೆ ಬಿಡಿ. ಇಂದು ಟ್ರಂಕಿನ ಮುಚ್ಚಳ ತೆಗೆಯಿರಿ.